ಪರವೂರ ಪೇಟೆಯಲ್ಲಿ ಚೀಟಿಯಿಲ್ಲದ ಬೆಲೆ

ಹದಿನೇಳನೇ ಶತಮಾನದ ನಡುಭಾಗದಲ್ಲಿ ಫ್ರಾನ್ಸಿನ ರತ್ನವ್ಯಾಪಾರಿ ಜೀನ್ ಬ್ಯಾಪ್ಟಿಸ್ಟ್ ತಾವೆರ್ನಿಯೇ ವಜ್ರ ಹುಡುಕಿಕೊಂಡು ವಿಜಯಪುರದ ಆದಿಲಶಾಹಿ ಸೀಮೆಯ ಒಂದು ಗಣಿಯೂರಿಗೆ ಬಂದ. ಗೋಲ್ಕೊಂಡದಿಂದ ಅದು ಐದು ದಿನದ ದಾರಿ. ಅಲ್ಲಿ ಅವನು ಕಂಡ ವ್ಯಾಪಾರದಲ್ಲಿ ಸದ್ದೇ ಇರಲಿಲ್ಲ. ಕೊಳ್ಳುವವನೂ ಮಾರುವವನೂ ಎದುರುಬದುರು ಕೂರುತ್ತಿದ್ದರು. ಒಬ್ಬ ನಡುಪಟ್ಟಿ ಬಿಚ್ಚುತ್ತಿದ್ದ. ಮಾರುವವನು ಕೊಳ್ಳುವವನ ಬಲಗೈ ಹಿಡಿದು, ಅದರ ಮೇಲೆ ಆ ಬಟ್ಟೆ ಮುಚ್ಚುತ್ತಿದ್ದ. ಇಡೀ ಕೈ ಹಿಡಿದರೆ ಸಾವಿರ, ಒಂದು ಬೆರಳಿಗೆ ನೂರು, ಬೆರಳಿನ ನಡುಗಣ್ಣಿನವರೆಗೆ ಹಿಡಿದರೆ ಐವತ್ತು, ತುದಿ ಒತ್ತಿದರೆ ಹತ್ತು. ಸುತ್ತ ಹತ್ತಾರು ಜನ ಕೂತಿದ್ದರೂ ಯಾವ ಕಲ್ಲು ಎಷ್ಟಕ್ಕೆ ಹೋಯಿತು ಎಂಬುದು ಆ ಇಬ್ಬರಿಗೆ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಇದನ್ನು ಬರೆದಿಟ್ಟ ಮೊದಲ ಪರದೇಶಿ ತಾವೆರ್ನಿಯೇ ಅಲ್ಲ. ಅವನಿಗಿಂತ ಸುಮಾರು ನೂರನಲವತ್ತು ವರ್ಷ ಮೊದಲೇ ಇಟಲಿಯ ಲುಡೋವಿಕೊ ಡಿ ವರ್ತೆಮಾ ಕಲ್ಲಿಕೋಟೆಯಲ್ಲಿ ದಲ್ಲಾಳಿಗಳು ಬಟ್ಟೆಯಡಿ ಬೆರಳು ಮುಟ್ಟಿ ಬೆಲೆ ಕುದುರಿಸುವುದನ್ನು ಕಂಡು, 1510ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಸೇರಿಸಿದ್ದ. ನಮ್ಮ ದನದ ಜಾತ್ರೆಗಳಿಗೆ ಹೋದವರಿಗೆ ಇದು ಹೊಸದೇನಲ್ಲ. ಜೋಡೆತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿದ ಮೇಲೆ ದಲ್ಲಾಳಿ ಹೆಗಲ ಮೇಲಿನ ಟವೆಲ್ಲನ್ನು ಕೈಮೇಲೆ ಹಾಕಿಕೊಂಡು, ಅದರಡಿಯಲ್ಲಿ ಬೆರಳಿನ ಲೆಕ್ಕ ಶುರು ಮಾಡುವುದು ಈಗಲೂ ಉಂಟು.

ಬಟ್ಟೆಯಡಿ ಅವಿತಿರುತ್ತಿದ್ದದ್ದು ಬೆಲೆಯ ಸುದ್ದಿ. ಪಕ್ಕದವನಿಗೆ ಎಷ್ಟಕ್ಕೆ ಕೊಟ್ಟರು ಎಂಬುದು ಗೊತ್ತಾದರೆ ಮುಂದಿನ ಗಿರಾಕಿ ಅದಕ್ಕಿಂತ ಒಂದು ಬೆರಳೂ ಹೆಚ್ಚು ಕೊಡಲಾರ. ಪರವೂರಿನ, ಪರದೇಶದ ಪೇಟೆಯಲ್ಲಿ ಕೊಳ್ಳಲು ನಿಂತ ಪ್ರವಾಸಿಯ ಮಟ್ಟಿಗೆ ಆ ಬಟ್ಟೆ ಇನ್ನೂ ಸರಿದಿಲ್ಲ. ಅಂಗಡಿಯವನಿಗೆ ಎಲ್ಲ ಗೊತ್ತಿರುತ್ತದೆ, ಬಂದವನಿಗೆ ಏನೂ ಗೊತ್ತಿರುವುದಿಲ್ಲ. ಪ್ರವಾಸಿ ಹೆಚ್ಚು ತೆರುವ ಹಣದ ಬಹುಪಾಲು ಈ ತಿಳಿಯದಿರುವಿಕೆಯ ಬೆಲೆ. ಅದನ್ನು ಇಳಿಸುವ ದಾರಿಯೂ ಒರಟು ಮಾತಿನಲ್ಲಿಲ್ಲ, ಕೇಳಿ ತಿಳಿಯುವುದರಲ್ಲಿದೆ.

ಮರಾಕೇಶಿನ ಓಣಿಗಳು

ಮೊರೊಕ್ಕೊ ದೇಶದ ಮರಾಕೇಶ್ ಊರಿನ ನಡುವೆ ಜೆಮಾ ಎಲ್ ಫನಾ ಎಂಬ ದೊಡ್ಡ ಬಯಲಿದೆ. ಕತೆ ಹೇಳುವವರು, ಹಾವಾಡಿಗರು, ಮೆಹಂದಿ ಹಚ್ಚುವವರು, ಕಿತ್ತಳೆ ರಸದ ಗಾಡಿಗಳು ತುಂಬಿದ ಈ ಬಯಲಿನ ಉತ್ತರಕ್ಕೆ ಸೂಕ್ ಎಂದು ಕರೆಯುವ ಪೇಟೆಯ ಓಣಿಗಳು ಶುರುವಾಗುತ್ತವೆ. ಊರಿನ ಈ ಹಳೆಯ ಭಾಗ 1985ರಿಂದ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಬಟ್ಟೆಯವರ ಸೆಮ್ಮಾರಿನ್ ಓಣಿ, ಕಮ್ಮಾರರ ಹದ್ದಾದಿನ್, ಬಣ್ಣ ಹಾಕುವವರ ಸೆಬ್ಬಾಗಿನ್, ಮಸಾಲೆ ಮತ್ತು ಗಿಡಮೂಲಿಕೆಯ ರಹ್ಬಾ ಕದೀಮಾ ಚೌಕ: ಒಂದೊಂದು ಕಸುಬಿಗೆ ಒಂದೊಂದು ಬೀದಿ. ನಮ್ಮ ಹಳೆಯ ಪೇಟೆಗಳಲ್ಲೂ ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ ಎಂದು ಹೀಗೇ ಇತ್ತು.

ಒಂದೇ ಸರಕಿನ ಅಂಗಡಿಗಳು ಸಾಲಾಗಿ ಕೂತಿರುವುದು ಕೊಳ್ಳುವವನಿಗೆ ದೊಡ್ಡ ಅನುಕೂಲ. ಮೊದಲ ಅಂಗಡಿಯಲ್ಲಿ ಕೇಳಿದ ಬೆಲೆಯನ್ನು ಹತ್ತು ಹೆಜ್ಜೆ ಆಚೆ ಒರೆಗೆ ಹಚ್ಚಬಹುದು. ಆದರೆ ಹೆಚ್ಚಿನ ಪ್ರವಾಸಿಗರು ಹಾಗೆ ಮಾಡುವುದಿಲ್ಲ. ಮೊದಲು ಕಣ್ಣಿಗೆ ಬಿದ್ದ ಚರ್ಮದ ಚಪ್ಪಲಿಯೋ ಹಿತ್ತಾಳೆಯ ದೀಪವೋ ಮನಸ್ಸಿಗೆ ಹಿಡಿಸಿ, ಅಲ್ಲೇ ನಿಂತು, ಅಲ್ಲೇ ಕೊಸರಾಡಿ, ಅಲ್ಲೇ ಮುಗಿಸುತ್ತಾರೆ.

ಎಲ್ಲದಕ್ಕೂ ಅಲ್ಲಿ ಚೌಕಾಸಿ ನಡೆಯುವುದಿಲ್ಲ ಎಂಬುದನ್ನೂ ಹೇಳಬೇಕು. ಮೊರೊಕ್ಕೊದಲ್ಲಿ ದಿನನಿತ್ಯದ ದುಂಡು ರೊಟ್ಟಿಯ ಬೆಲೆ ಬಹುಕಾಲ ಸರಕಾರದ ಕಟ್ಟುಪಾಡಿನಲ್ಲಿ 1.20 ದಿರ್ಹಮ್‌ನಲ್ಲಿ ನಿಂತಿತ್ತು. ಔಷಧಿ ಅಂಗಡಿ, ರೈಲಿನ ಟಿಕೆಟ್, ಫಲಕದ ಮೇಲೆ ಬೆಲೆ ಬರೆದ ಕಿತ್ತಳೆ ರಸ ಇವುಗಳ ಮುಂದೆ ನಿಂತು ಕಡಿಮೆ ಮಾಡಿ ಎನ್ನುವುದು ಅಲ್ಲಿಯವರಿಗೂ ವಿಚಿತ್ರವಾಗಿ ಕಾಣುತ್ತದೆ. ಟ್ಯಾಕ್ಸಿಯ ಕತೆ ಬೇರೆ. ಊರೊಳಗೆ ಓಡುವ ಚಿಕ್ಕ ಟ್ಯಾಕ್ಸಿಗಳಿಗೆ ಮೀಟರ್ ಇದ್ದರೂ ಪರದೇಶದವರನ್ನು ಕಂಡರೆ ಅದನ್ನು ಹಾಕಲು ಹಲವರು ಒಪ್ಪುವುದಿಲ್ಲ. ಬೆಂಗಳೂರಿನ ಆಟೊಗಳಲ್ಲಿ ಪಳಗಿದವರು ಹತ್ತುವ ಮೊದಲೇ ಮಾತಾಡಿಕೊಳ್ಳುತ್ತಾರೆ.

ಸೆಫ್ರುವಿನಲ್ಲಿ ಕೂತ ಮಾನವಶಾಸ್ತ್ರಜ್ಞ

ಇಂಥ ಪೇಟೆಯನ್ನು ವರ್ಷಗಟ್ಟಲೆ ಕೂತು ನೋಡಿ ಅದರ ಒಳಗುಟ್ಟನ್ನು ಬಿಡಿಸಿದವರು ಅಮೆರಿಕದ ಮಾನವಶಾಸ್ತ್ರಜ್ಞ ಕ್ಲಿಫರ್ಡ್ ಗೀರ್ಟ್ಜ್. 1960ರ ದಶಕದಿಂದ ಅವರು ಫೆಸ್ ನಗರದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದ, ಅಟ್ಲಾಸ್ ಬೆಟ್ಟಸಾಲಿನ ಬುಡದಲ್ಲಿರುವ ಸೆಫ್ರು ಎಂಬ ಪುಟ್ಟ ಊರಿನಲ್ಲಿ ಕ್ಷೇತ್ರಕಾರ್ಯ ಮಾಡಿದರು. 1978ರಲ್ಲಿ ಅರ್ಥಶಾಸ್ತ್ರಜ್ಞರ ಪತ್ರಿಕೆಯೊಂದರಲ್ಲಿ ಅವರು ಬರೆದ ಚಿಕ್ಕ ಪ್ರಬಂಧ ಇಂದಿಗೂ ಓದಿಸಿಕೊಳ್ಳುತ್ತದೆ.

ಗೀರ್ಟ್ಜ್ ಕಂಡದ್ದು ಇಷ್ಟು. ಸಂತೆಯಲ್ಲಿ ಸರಕಿಗೆ ಬರವಿಲ್ಲ, ಬರವಿರುವುದು ಮಾಹಿತಿಗೆ. ಈ ಉಣ್ಣೆ ಎಂಥದ್ದು, ಇವತ್ತು ಎಷ್ಟು ಬಂದಿದೆ, ಇನ್ನೊಬ್ಬ ಎಷ್ಟಕ್ಕೆ ಕೊಟ್ಟ, ಇವನ ಮಾತು ನಂಬಬಹುದೇ ಎಂಬುದು ಯಾರಿಗೂ ಪೂರ್ತಿ ಗೊತ್ತಿರುವುದಿಲ್ಲ. ಆದ್ದರಿಂದ ಸಂತೆಗೆ ಬಂದ ಪ್ರತಿಯೊಬ್ಬನೂ ದಿನವಿಡೀ ಮಾಡುವ ಕೆಲಸವೆಂದರೆ ಹುಡುಕಾಟ. ಅದರಲ್ಲಿ ಎರಡು ಬಗೆ. ಹತ್ತಾರು ಅಂಗಡಿ ಸುತ್ತಿ ಒಂದೊಂದು ಕಡೆ ಒಂದೆರಡು ಪ್ರಶ್ನೆ ಕೇಳುವುದು ಒಂದು. ಒಬ್ಬನ ಮುಂದೆಯೇ ಕೂತು, ಅವನಿಂದಲೇ ಎಲ್ಲವನ್ನೂ ಹೊರಡಿಸುವುದು ಇನ್ನೊಂದು. ಚೌಕಾಸಿ ಈ ಎರಡನೆಯ ಬಗೆಯ ಹುಡುಕಾಟ ಎಂಬುದು ಅವರ ವಿವರಣೆ.

ಸೆಫ್ರುವಿನವರು ಈ ಹುಡುಕಾಟವನ್ನು ಹಗುರಮಾಡಿಕೊಳ್ಳುವ ಉಪಾಯವನ್ನೂ ಕಂಡುಕೊಂಡಿದ್ದರು. ಪ್ರತಿಸಲವೂ ಹೊಸಬನನ್ನು ಅರಸುವ ಬದಲು ಒಬ್ಬ ಅಂಗಡಿಯವನನ್ನೇ ಹಿಡಿದು ವರ್ಷಗಟ್ಟಲೆ ಅವನಲ್ಲೇ ಕೊಳ್ಳುತ್ತಿದ್ದರು. ಹೀಗೆ ಖಾಯಂ ಆದ ಗಿರಾಕಿಯ ಜೊತೆಗೂ ಕೊಸರಾಟ ನಿಲ್ಲುವುದಿಲ್ಲ. ಆದರೆ ಅದು ತೀರ ಕಿರಿದಾದ ಅಂತರದಲ್ಲಿ ನಡೆಯುತ್ತದೆ. ತೀರ ಹೆಚ್ಚು ಕೇಳಿದರೆ ಗಿರಾಕಿ ನಾಳೆ ಬರುವುದಿಲ್ಲ, ತೀರ ಕಡಿಮೆ ಕೇಳಿದರೆ ಅಂಗಡಿಯವನು ಒಳ್ಳೆಯ ಸರಕು ಎತ್ತಿಡುವುದಿಲ್ಲ.

ಪ್ರವಾಸಿಗೆ ಇಲ್ಲದಿರುವುದು ಈ ನಾಳೆ. ಸಂಜೆಯ ವಿಮಾನಕ್ಕೋ ಮರುದಿನದ ಬಸ್ಸಿಗೋ ಹೊರಡಬೇಕಾದ ಅವನು ಮತ್ತೆ ಬರುವವನಲ್ಲ ಎಂಬುದು ಇಬ್ಬರಿಗೂ ಗೊತ್ತು. ಅಂಗಡಿಯವನು ಕಡೆಯ ಬೆಲೆಗಿಂತ ಬಹಳ ಮೇಲಿಂದ ಮಾತು ಶುರು ಮಾಡುವುದಕ್ಕೆ ಅವನ ದುರಾಸೆ ಕಾರಣ ಎನ್ನುವವರು ಈ ಲೆಕ್ಕವನ್ನು ಮರೆಯುತ್ತಾರೆ. ಇದೇ ಅಂಗಡಿಯವನು ಪಕ್ಕದ ಬೀದಿಯ ಅಜ್ಜಿಗೆ ಅದೇ ಸರಕನ್ನು ಹತ್ತಿರದ ಬೆಲೆಗೇ ಕೊಡುತ್ತಾನೆ. ಆ ಅಜ್ಜಿಗೆ ದರ ಗೊತ್ತು, ಅವಳು ಮತ್ತೆ ಬರುತ್ತಾಳೆ, ನಾಲ್ಕು ಮನೆಗೆ ಸುದ್ದಿ ಮುಟ್ಟಿಸುತ್ತಾಳೆ.

ಸಂತೆಯಲ್ಲಿ ಬೆಲೆಯೊಂದನ್ನೇ ಮಾತಾಡಬೇಕೆಂದೂ ಇಲ್ಲ. ಬೆಲೆಯನ್ನು ಹಾಗೇ ಇಟ್ಟು ಅಳತೆಯನ್ನೋ ಗುಣಮಟ್ಟವನ್ನೋ ಕುದುರಿಸುವುದು ಸೆಫ್ರುವಿನಲ್ಲಿ ಸಾಮಾನ್ಯವಾಗಿತ್ತು. ಹತ್ತು ರೂಪಾಯಿಯ ಕೊತ್ತಂಬರಿಗೆ ಎಂಟು ಕೊಡುತ್ತೇನೆ ಎನ್ನದೆ, ‘ಇನ್ನೆರಡು ಕಡ್ಡಿ ಹಾಕಮ್ಮ, ಕರಿಬೇವು ಇಡು’ ಎಂದು ಕೊಸರು ಕೇಳುವ ನಮ್ಮ ಗೃಹಿಣಿಯರು ಇದೇ ದಾರಿ ಹಿಡಿದವರು. ಪ್ರವಾಸಿಗೂ ಇದು ಒಗ್ಗುತ್ತದೆ. ಅಂಗಡಿಯವನು ಇನ್ನು ಇಳಿಯಲಾರೆ ಎಂದಾಗ, ಅದೇ ಬೆಲೆಗೆ ಇನ್ನೊಂದು ಚಿಕ್ಕ ಬಟ್ಟಲು ಸೇರಿಸಿ ಎಂದರೆ ಮಾತು ಮುಗಿಯುವುದುಂಟು. ಹಣ ಇಳಿಸಿದರೆ ಇಳಿಸಿದಷ್ಟೂ ಅವನ ಕೈಬಿಡುತ್ತದೆ, ಬಟ್ಟಲು ಕೊಟ್ಟರೆ ಅದರ ಅಸಲಷ್ಟೇ ಹೋಗುತ್ತದೆ.

ಚಿನ್ನದಂಗಡಿಯಲ್ಲಿ ಚಿಕ್ಕದಾಗುವ ಮಾತು

ತಿಳಿವಳಿಕೆ ಹೆಚ್ಚಿದಷ್ಟೂ ಕೊಸರಾಟ ಕುಗ್ಗುತ್ತದೆ ಎಂಬುದಕ್ಕೆ ಸಾಕ್ಷಿ ಬೇಕಾದವರು ಇಸ್ತಾಂಬುಲಿನ ಕಪಾಲಿ ಚಾರ್ಷಿಗೆ ಹೋಗಬೇಕು. 1453ರಲ್ಲಿ ನಗರವನ್ನು ಗೆದ್ದ ಸುಲ್ತಾನ ಎರಡನೇ ಮೆಹ್ಮೆದ್ ಕೆಲವೇ ವರ್ಷಗಳಲ್ಲಿ ಕಟ್ಟಿಸಲು ಆರಂಭಿಸಿದ, ಸೂರಿನಡಿ ಅರವತ್ತಕ್ಕೂ ಹೆಚ್ಚು ಬೀದಿಗಳಿರುವ, ಸಾವಿರಾರು ಅಂಗಡಿಗಳ ಪೇಟೆ ಇದು. ಭಾನುವಾರ ಬಾಗಿಲು ಹಾಕಿರುತ್ತದೆ.

ಇಲ್ಲಿ ಜಮಖಾನದ ಅಂಗಡಿಗೆ ಹೊಕ್ಕರೆ ಚಹಾ ಬರುತ್ತದೆ, ಒಂದರ ಮೇಲೊಂದು ಜಮಖಾನ ಬಿಚ್ಚುತ್ತಾರೆ, ಮಾತು ಗಂಟೆಗಟ್ಟಲೆ ನಡೆಯುತ್ತದೆ. ಪಕ್ಕದ ಚಿನ್ನದಂಗಡಿಯಲ್ಲಿ 22 ಕ್ಯಾರೆಟ್ಟಿನ ಬಳೆ ಕೇಳಿದರೆ ತಕ್ಕಡಿಗೆ ಹಾಕುತ್ತಾರೆ, ದಿನದ ದರದಿಂದ ಗುಣಿಸುತ್ತಾರೆ. ಉಳಿಯುವುದು ಮಜೂರಿ ಮಾತ್ರ. ಚೌಕಾಸಿ ಏನಿದ್ದರೂ ಆ ಮಜೂರಿಯ ಮೇಲೆ. ಅಂಗಡಿಯವನ ಸ್ವಭಾವ ಒಂದೇ, ಬೀದಿ ಒಂದೇ. ವ್ಯತ್ಯಾಸವಿಷ್ಟೇ: ಚಿನ್ನದ ದರ ಇಡೀ ಊರಿಗೆ ಗೊತ್ತು, ಜಮಖಾನದ ಗಂಟು, ಬಣ್ಣ, ವಯಸ್ಸು ಕೆಲವರಿಗಷ್ಟೇ ಗೊತ್ತು. ಅಕ್ಷಯ ತೃತೀಯದಂದು ಒಡವೆ ಕೊಂಡು ರೂಢಿಯಿರುವ ಕನ್ನಡದ ಹೆಣ್ಣುಮಗಳೊಬ್ಬಳು ಆ ಚಿನ್ನದಂಗಡಿಯಲ್ಲಿ ಯಾವ ಯುರೋಪಿನ ಪ್ರವಾಸಿಗಿಂತಲೂ ಧೈರ್ಯವಾಗಿ ವ್ಯಾಪಾರ ಮಾಡಬಲ್ಲಳು.

ಮಾತನ್ನು ಚಿಕ್ಕದಾಗಿಸುವುದು ಸರಕಷ್ಟೇ ಅಲ್ಲ, ಹೊತ್ತೂ ಹೌದು. ಬೆಳಗಿನ ಹೊತ್ತಿನ ವ್ಯಾಪಾರಕ್ಕೆ ಬೇರೆಯೇ ಮರ್ಯಾದೆ ಇದೆ. ‘ಬೋಣಿ ಟೈಮಮ್ಮ, ಹಿಂಗೆ ಕೇಳಬೇಡಿ’ ಎಂದು ನಮ್ಮ ಹೂವಿನವಳು ಹೇಳುವಂಥದೇ ನಂಬಿಕೆ ದೇಶದೇಶಗಳ ಪೇಟೆಯಲ್ಲಿದೆ. ತುರ್ಕಿಯ ಅಂಗಡಿಯವನು ದಿನದ ಮೊದಲ ನೋಟನ್ನು ಗದ್ದಕ್ಕೆ ಮುಟ್ಟಿಸಿ ಪೆಟ್ಟಿಗೆಗೆ ಹಾಕುತ್ತಾನೆ. ವಿಯೆಟ್ನಾಮಿನಲ್ಲಿ ಮೊದಲ ಗಿರಾಕಿ ಗಂಟೆಗಟ್ಟಲೆ ಕೊಸರಾಡಿ ಬರಿಗೈಲಿ ಹೋದರೆ ಇಡೀ ದಿನ ಕೆಡುತ್ತದೆಂದು ಕೆಲವು ಮಾರಾಟಗಾರ್ತಿಯರು ಕಾಗದಕ್ಕೆ ಬೆಂಕಿ ಹಚ್ಚಿ ದೃಷ್ಟಿ ತೆಗೆಯುತ್ತಾರೆ. ಬೋಣಿಯ ಹೊತ್ತಿಗೆ ಹೋದ ಪ್ರವಾಸಿ ನಿಜವಾಗಿ ಕೊಳ್ಳುವವನಾದರೆ ಬೇಗ ಒಪ್ಪಂದವಾಗುತ್ತದೆ. ಬರೀ ವಿಚಾರಿಸಲು ಹೋಗುವವರು ಮಧ್ಯಾಹ್ನ ಹೋಗುವುದು ಒಳ್ಳೆಯದು.

ಒಂದೇ ಬೆಲೆ ಹುಟ್ಟಿದ ಬಗೆ

ಚೀಟಿ ಅಂಟಿಸಿದ ಬೆಲೆಯೇ ಸಹಜ, ಚೌಕಾಸಿ ಹಿಂದುಳಿದವರ ರೂಢಿ ಎಂದು ತಿಳಿದ ಪ್ರವಾಸಿಗರು ಇದ್ದಾರೆ. ಇತಿಹಾಸ ಬೇರೆ ಹೇಳುತ್ತದೆ. ಯುರೋಪಿನಲ್ಲೂ ಬಹುಕಾಲ ಎಲ್ಲ ವ್ಯಾಪಾರ ಮಾತಿನ ಮೇಲೆಯೇ ನಡೆದದ್ದು. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಮತ್ತು ಅವರ ಕ್ವೇಕರ್ ಪಂಥದವರು ಒಪ್ಪಲಿರುವ ಬೆಲೆಗಿಂತ ಹೆಚ್ಚು ಕೇಳುವುದು ಸುಳ್ಳು ಹೇಳಿದಂತೆ ಎಂದು ಬಗೆದು ಒಂದೇ ಮಾತಿನ ವ್ಯಾಪಾರಕ್ಕೆ ತೊಡಗಿದರು. ಮಗುವನ್ನು ಕಳಿಸಿದರೂ ಮೋಸವಾಗದು ಎಂಬ ಹೆಸರು ಅವರ ಅಂಗಡಿಗಳಿಗೆ ಬಂತು, ವ್ಯಾಪಾರವೂ ಬೆಳೆಯಿತು.

ಆ ಪದ್ಧತಿ ಲೋಕವನ್ನೆಲ್ಲ ಹಬ್ಬಲು ಮಾತ್ರ ದೊಡ್ಡ ಅಂಗಡಿ ಬೇಕಾಯಿತು. 1852ರಲ್ಲಿ ಅರಿಸ್ಟಿಡ್ ಬುಸಿಕೊ ಎಂಬ ವ್ಯಾಪಾರಿ ಪ್ಯಾರಿಸ್ಸಿನ ಬಾನ್ ಮಾರ್ಷೆ ಎಂಬ ಅಂಗಡಿಯಲ್ಲಿ ಪಾಲುದಾರನಾದ. ಮುಂದೆ ಅಲ್ಲಿ ಪ್ರತಿ ಸರಕಿನ ಮೇಲೂ ಬೆಲೆ ಬರೆದಿಟ್ಟ, ಕೊಳ್ಳದಿದ್ದರೂ ಒಳಗೆ ಬಂದು ನೋಡಿಹೋಗಿ ಎಂದು ಬಾಗಿಲು ತೆರೆದ. ಇದರ ಹಿಂದೆ ಸರಳವಾದ ಕಾರಣವಿದೆ. ಚಿಕ್ಕ ಅಂಗಡಿಯಲ್ಲಿ ಧಣಿಯೇ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾನೆ. ಎಷ್ಟಕ್ಕೆ ತಂದೆ, ಎಷ್ಟಕ್ಕೆ ಬಿಡಬಹುದು ಎಂಬುದು ಅವನಿಗೆ ಗೊತ್ತು. ನೂರಾರು ನೌಕರರಿರುವ ಅಂಗಡಿಯಲ್ಲಿ ಒಬ್ಬೊಬ್ಬ ನೌಕರನೂ ತನಗೆ ತೋಚಿದ ಬೆಲೆಗೆ ಬಿಟ್ಟರೆ ಲೆಕ್ಕ ಉಳಿಯುವುದಿಲ್ಲ. ಅಲ್ಲಿ ಧಣಿಯ ಬದಲು ಚೀಟಿ ಮಾತಾಡಬೇಕು. ಮರಾಕೇಶಿನಲ್ಲಾಗಲಿ ಮೈಸೂರಿನಲ್ಲಾಗಲಿ ಚೌಕಾಸಿ ಉಳಿದಿರುವುದು ಧಣಿಯೇ ಕೂತು ಮಾರುವ ಅಂಗಡಿಗಳಲ್ಲಿ ಎಂಬುದನ್ನು ಗಮನಿಸಿದರೆ ಇದು ಸ್ಪಷ್ಟವಾಗುತ್ತದೆ.

ಮುಖ ನೋಡಿ ಮಣೆ

ಪರದೇಶಿಗೆ ಬೇರೆ ಬೆಲೆ ಹೇಳುವುದನ್ನು ಸಂತೆಯವರ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ಸರಕಾರಗಳೂ ಅದನ್ನು ಮಾಡುತ್ತವೆ, ಬರೆದು ಹಾಕಿ ಮಾಡುತ್ತವೆ. ಭಾರತದ ಪುರಾತತ್ವ ಇಲಾಖೆ 2018ರಲ್ಲಿ ಪರಿಷ್ಕರಿಸಿದ ದರದಂತೆ ಹಂಪಿಯಂಥ ಸ್ಮಾರಕಗಳಿಗೆ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600 ರೂಪಾಯಿ. ಥಾಯ್ಲೆಂಡಿನ ಖಾವ್ ಯಾಯ್ ರಾಷ್ಟ್ರೀಯ ಉದ್ಯಾನದ ಪ್ರವೇಶಕ್ಕೆ ಆ ದೇಶದ ವಯಸ್ಕರಿಗೆ 40 ಬಾತ್, ವಿದೇಶಿಯರಿಗೆ 400 ಬಾತ್ ಎಂಬ ದರ ಬಹುಕಾಲ ಇತ್ತು. ಥಾಯ್ ಜನರಿಗೆ ಅನ್ವಯಿಸುವ ದರವನ್ನು ಇಂಥ ಹಲವು ಕಡೆ ಥಾಯ್ ಅಂಕಿಗಳಲ್ಲೇ ಬರೆದಿರುತ್ತಾರೆ. ಊರಿನವರ ತೆರಿಗೆಯಿಂದ ಈ ತಾಣಗಳು ಉಳಿದಿವೆ, ಅವರಿಗೆ ಅಗ್ಗವಾಗಿರಲಿ ಎಂಬ ವಾದದಲ್ಲಿ ಹುರುಳಿದೆ. ಬೇರೆಯ ದರ ಇದ್ದರೂ ಅದು ಎಲ್ಲರ ಕಣ್ಣೆದುರು ಇರುವುದರಿಂದ ಬಂದವರಿಗೆ ಮೋಸ ಹೋದ ಭಾವನೆ ಕಡಿಮೆ.

ಅಂಕಿ ಓದಲು ಕಲಿಯುವುದು ಪ್ರವಾಸಿಯ ಮೊದಲ ರಕ್ಷಣೆ. ಕೈರೋದ ಖಾನ್ ಎಲ್ ಖಲೀಲಿ ಪೇಟೆಯ ಸುತ್ತಲಿನ ತರಕಾರಿ ಗಾಡಿಗಳಲ್ಲಿ ಬೆಲೆ ಬರೆದೇ ಇರುತ್ತದೆ, ಆದರೆ ಅರಬ್ಬಿ ಅಂಕಿಗಳಲ್ಲಿ. ಅಲ್ಲಿ ಸೊನ್ನೆ ಒಂದು ಚುಕ್ಕೆ, ದುಂಡಗಿರುವುದು ಐದು. ಇವೆರಡನ್ನು ಗೊತ್ತುಮಾಡಿಕೊಂಡರೆ ಉಳಿದ ಎಂಟನ್ನು ಕಲಿಯಲು ಅರ್ಧ ಗಂಟೆ ಸಾಕು. ಮೊರೊಕ್ಕೊದಲ್ಲಿ ಅಂಕಿಗಳು ನಮಗೆ ಗೊತ್ತಿರುವವೇ, ತೊಡಕು ಇನ್ನೊಂದು ಕಡೆ. ಹಳಬರು ಈಗಲೂ ರಿಯಾಲ್ ಲೆಕ್ಕದಲ್ಲಿ ಬೆಲೆ ಹೇಳುತ್ತಾರೆ. 20 ರಿಯಾಲಿಗೆ ಒಂದು ದಿರ್ಹಮ್. ನೂರು ಎಂದು ಅಜ್ಜನೊಬ್ಬ ಹೇಳಿದರೆ ಅದು ಐದೇ ದಿರ್ಹಮ್ ಇದ್ದೀತು. ನೂರು ದಿರ್ಹಮ್ ನೋಟು ಚಾಚುವ ಮೊದಲು ಒಮ್ಮೆ ಕೇಳಿಕೊಳ್ಳಬೇಕು.

ಬೆಲೆ ಏರಿಸುವ ಇನ್ನೊಬ್ಬನೂ ಇದ್ದಾನೆ. ದಾರಿ ತೋರಿಸುತ್ತೇನೆ ಎಂದು ಜೊತೆಗೂಡಿ, ಕೊನೆಗೆ ಗೊತ್ತಿರುವ ಅಂಗಡಿಗೆ ಕರೆದೊಯ್ಯುವವನಿಗೆ ವ್ಯಾಪಾರದಲ್ಲಿ ಪಾಲು ಸಲ್ಲುತ್ತದೆ. ಅದು ಗಿರಾಕಿಯ ತಲೆಯ ಮೇಲೆಯೇ ಬೀಳುವುದು. ಅವನೊಂದಿಗೆ ಹೋದಾಗ ಎಷ್ಟು ಜಾಣತನದಿಂದ ಚೌಕಾಸಿ ಮಾಡಿದರೂ ಬೆಲೆ ಒಂದು ಮಟ್ಟದಿಂದ ಕೆಳಗಿಳಿಯಲಾರದು. ಪೇಟೆ ತೋರಿಸಲು ಮಾರ್ಗದರ್ಶಿ ಬೇಕು, ಕೊಳ್ಳಲು ಒಬ್ಬರೇ ಮತ್ತೆ ಹೋಗಬೇಕು.

ಸರಕಿನ ಅಸಲಿತನ ಬೆಲೆಗಿಂತ ದೊಡ್ಡ ಪ್ರಶ್ನೆ. ಕೇಸರಿಯ ಹೆಸರಿನಲ್ಲಿ ಕುಸುಬೆಯ ಹೂವಿನ ಎಸಳು ಮಾರುವುದು ಹಲವು ದೇಶಗಳ ಮಸಾಲೆ ಪೇಟೆಗಳಲ್ಲಿ ಕಾಣುವ ಹಳೆಯ ಮೋಸ. ಅರ್ಧ ಬೆಲೆಗೆ ಕುದುರಿಸಿ ಗೆದ್ದೆನೆಂದು ಬೀಗಿದವರ ಕೈಲಿರುವುದು ಕುಸುಬೆಯಾದರೆ ಗೆಲುವೆಲ್ಲಿ? ಉತ್ತರ ಕರ್ನಾಟಕದ ಹೊಲಗಳಲ್ಲಿ ಕುಸುಬೆಯ ಹೂ ನೋಡಿ ಬೆಳೆದವರು ಈ ಮೋಸವನ್ನು ಬೇಗ ಹಿಡಿಯಬಲ್ಲರು.

ಮಾತಿನ ಮರ್ಯಾದೆ

ಹೇಳಿದ ಬೆಲೆಯ ಅರ್ಧ ಕೇಳಿ, ಮೂರನೇ ಒಂದು ಕೇಳಿ ಎಂಬ ಸೂತ್ರಗಳು ಪ್ರವಾಸಿಗರ ನಡುವೆ ಓಡಾಡುತ್ತಿರುತ್ತವೆ. ಇವುಗಳನ್ನು ನಂಬಿ ಪ್ರಯೋಜನವಿಲ್ಲ. ಅಂಗಡಿಯವನ ಮೊದಲ ಬೆಲೆಯೇ ಗಿರಾಕಿಯ ಬೂಟು, ಭಾಷೆ, ಆತುರ ನೋಡಿ ಹುಟ್ಟಿದ್ದು. ಹತ್ತು ಪಟ್ಟು ಹೇಳಿದವನಿಗೆ ಅರ್ಧ ಕೊಟ್ಟರೂ ಐದು ಪಟ್ಟು ಕೊಟ್ಟಂತಾಯಿತು. ಹತ್ತಿರದ ಬೆಲೆ ಹೇಳಿದ ಪ್ರಾಮಾಣಿಕನಿಗೆ ಮೂರನೇ ಒಂದು ಕೇಳಿದರೆ ಅವಮಾನ ಮಾಡಿದಂತಾಯಿತು.

ಅದಕ್ಕಿಂತ ಗಟ್ಟಿಯಾದ ದಾರಿ ಮರಾಕೇಶಿನಲ್ಲೇ ಇದೆ. ಐದನೇ ಮೊಹಮ್ಮದ್ ರಸ್ತೆಯಲ್ಲಿ ಸರಕಾರ ನಡೆಸುವ ಎನ್‌ಸೆಂಬ್ಲ್ ಆರ್ಟಿಸನಲ್ ಎಂಬ ಕರಕುಶಲ ಸಂಕೀರ್ಣದಲ್ಲಿ ಕಸುಬುದಾರರು ಕೂತು ಕೆಲಸ ಮಾಡುತ್ತಾರೆ, ಸರಕಿನ ಮೇಲೆ ಬೆಲೆ ಬರೆದಿರುತ್ತದೆ. ಮೊದಲು ಅಲ್ಲಿಗೆ ಹೋಗಿ ಚಪ್ಪಲಿಯ ಹೊಲಿಗೆ, ಮರದ ಕೆತ್ತನೆ ನೋಡಿ ದರ ತಿಳಿದುಕೊಂಡು, ಆಮೇಲೆ ಸೂಕ್‌ಗೆ ಇಳಿದವರು ಗಟ್ಟಿ ನೆಲದ ಮೇಲೆ ನಿಂತು ಮಾತಾಡುತ್ತಾರೆ. ನಮ್ಮಲ್ಲಿ ಸರಕಾರದ ಕಾವೇರಿ ಕರಕುಶಲ ಮಳಿಗೆ ವಿದೇಶಿಯರಿಗೆ ಇದೇ ನೆರವು ಕೊಡುತ್ತದೆ.

ಐದು ಶತಮಾನದ ಹಿಂದೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಕೂಡ ಹೀಗೇ ದರ ವಿಚಾರಿಸುತ್ತ ನಡೆದಿದ್ದ. ನಗರದೊಳಗೆ ಒಂದು ಚಿಲ್ಲರೆ ನಾಣ್ಯಕ್ಕೆ ಮೂರು ಕೋಳಿ, ನಗರದ ಹೊರಗೆ ಅದೇ ನಾಣ್ಯಕ್ಕೆ ನಾಲ್ಕು ಎಂದು ಅವನು ಬರೆದಿಟ್ಟಿದ್ದಾನೆ. ಊರು ದಾಟಿದರೆ ಒಂದು ಕೋಳಿ ಹೆಚ್ಚು ಸಿಗುತ್ತದೆ ಎಂಬುದು ಒಂದೇ ಕಡೆ ನಿಂತು ಕೊಸರಾಡಿದವನಿಗೆ ತಿಳಿಯುವ ಸಂಗತಿಯಲ್ಲ.

ದರ ತಿಳಿದ ಮೇಲೆ ಪಾಲಿಸಬೇಕಾದ ರೀತಿನೀತಿ ಇದೆ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಹೇಳಬಾರದು. ಗಿರಾಕಿ ಒಂದು ಬೆಲೆ ಕೇಳಿ ಅಂಗಡಿಯವನು ಒಪ್ಪಿದ ಮೇಲೆ ತಿರುಗಿ ನಡೆಯುವುದು ಮೊರೊಕ್ಕೊದಿಂದ ಮೈಸೂರಿನವರೆಗೆ ಎಲ್ಲ ಕಡೆಯೂ ಮಾತು ತಪ್ಪಿದಂತೆ. ಒಬ್ಬರ ಮಾತುಕತೆ ನಡೆಯುತ್ತಿರುವಾಗ ಇನ್ನೊಬ್ಬ ನಡುವೆ ಬಂದು ಬೆಲೆ ಕೆಡಿಸಬಾರದು ಎಂಬುದು ಇಸ್ಲಾಮಿನ ವ್ಯಾಪಾರ ನೀತಿ. ಅಂಗಡಿಯವರೇ ಪಾಲಿಸುವ ಆ ಮರ್ಯಾದೆಯನ್ನು ಪ್ರವಾಸಿಯೂ ಪಾಲಿಸಬೇಕು. ಅಂಗಡಿಯವನು ಕೊಟ್ಟ ಪುದೀನ ಚಹಾ ಕುಡಿದ ಮಾತ್ರಕ್ಕೆ ಕೊಳ್ಳಲೇಬೇಕೆಂದಿಲ್ಲ, ಅದು ಅತಿಥಿಗೆ ಸಲ್ಲುವ ಉಪಚಾರ. ಕೊಳ್ಳುವುದಿಲ್ಲ ಎಂದಾದರೆ ನಗುಮುಖದಿಂದ ಬೇಗ ಹೇಳಿ ಎದ್ದುಬಿಡಬೇಕು.

ತಾವೆರ್ನಿಯೇ ನಮ್ಮ ವರ್ತಕರಿಂದ ಕಲಿತ ಒಂದು ಪಾಠವೂ ಇಲ್ಲಿ ಸಲ್ಲುತ್ತದೆ. ಬನಿಯಾ ವ್ಯಾಪಾರಿಗಳು ಮಕ್ಕಳಿಗೆ ಎಳವೆಯಿಂದಲೇ ಬಾಯಿಲೆಕ್ಕ ಕಲಿಸುತ್ತಿದ್ದರು, ಅದರ ಜೊತೆಗೆ ತಾಳ್ಮೆಯನ್ನೂ ಕಲಿಸುತ್ತಿದ್ದರು ಎಂದು ಅವನು ಹೇಳುತ್ತಾನೆ. ವ್ಯಾಪಾರದ ನಡುವೆ ಎದುರಿನವನು ಸಿಟ್ಟಾದರೆ ಅವರು ಮರುಮಾತಾಡದೆ ಕೇಳಿಸಿಕೊಂಡು ಎದ್ದುಹೋಗುತ್ತಿದ್ದರಂತೆ. ನಾಲ್ಕೈದು ದಿನ ಬಿಟ್ಟು, ಅವನ ಸಿಟ್ಟು ಇಳಿದ ಮೇಲೆ ಮತ್ತೆ ಬರುತ್ತಿದ್ದರಂತೆ. ದನಿ ಏರಿಸಿದವನಿಗೆ ಯಾವ ಪೇಟೆಯಲ್ಲೂ ಒಳ್ಳೆಯ ಬೆಲೆ ಸಿಕ್ಕಿಲ್ಲ.

ನಮ್ಮೂರಿಗೆ ಬಂದ ಪರದೇಶಿ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಈ ಕತೆ ತಿರುಗಿ ನಿಲ್ಲುತ್ತದೆ. ಕುಂಕುಮದ ಬಣ್ಣಬಣ್ಣದ ಗೋಪುರಗಳು, ಮೈಸೂರು ಮಲ್ಲಿಗೆ, ಚಿಗುರು ವೀಳ್ಯದೆಲೆ, ರಸಬಾಳೆಯ ಗೊನೆಗಳ ನಡುವೆ ಕ್ಯಾಮೆರಾ ಹಿಡಿದು ನಡೆಯುವ ವಿದೇಶಿಯರಿಗೆ ಪುಟ್ಟ ಸೀಸೆಗಳಲ್ಲಿ ಶ್ರೀಗಂಧದ ಎಣ್ಣೆ ತೋರಿಸುವವರಿದ್ದಾರೆ. ಶುದ್ಧ ಶ್ರೀಗಂಧದ ಎಣ್ಣೆ ಎಷ್ಟು ದುಬಾರಿ ಎಂಬುದು ನಮಗೆ ಗೊತ್ತು, ಆ ವಿದೇಶಿಯರಿಗೆ ಗೊತ್ತಿಲ್ಲ. ಅದೇ ಊರಿನಲ್ಲಿ 1916ರಲ್ಲಿ ಶುರುವಾದ ಸರಕಾರಿ ಗಂಧದೆಣ್ಣೆ ಕಾರ್ಖಾನೆಯಿದೆ. ರೇಷ್ಮೆ ಸೀರೆಗೆ ಸರಕಾರಿ ರೇಷ್ಮೆ ನಿಗಮದ, ಒಂದೇ ಬೆಲೆಯ ಕೆಎಸ್‌ಐಸಿ ಮಳಿಗೆಯಿದೆ. ನೀರಿನ ಬಾಟಲಿ, ಬಿಸ್ಕತ್ತಿನ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ, ಅದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದು ಕಾನೂನಿನ ಪ್ರಕಾರ ತಪ್ಪು. ಇವಿಷ್ಟನ್ನು ಮೈಸೂರಿನ ಆಟೊದವರೋ ಹೋಟೆಲಿನವರೋ ಅತಿಥಿಗೆ ಮೊದಲೇ ಹೇಳಿದರೆ ಆ ಪ್ರವಾಸಿ ಮಾರುಕಟ್ಟೆಯಲ್ಲಿ ಅನುಮಾನವಿಲ್ಲದೆ ನಡೆದಾಡಬಲ್ಲ.

ಹಂಪಿಯಲ್ಲಿ ನೋವು ಇನ್ನೊಂದು ಬದಿಯಲ್ಲಿದೆ. ಕನ್ನಡಿ, ಕವಡೆ ಹೊಲಿದ ಚೀಲಗಳನ್ನು, ಕಾಲ್ಗೆಜ್ಜೆಗಳನ್ನು ಹೆಗಲಿಗೆ ಹಾಕಿಕೊಂಡು ಬಂಡೆಗಳ ನಡುವೆ ನಡೆಯುವ ಲಂಬಾಣಿ ಹೆಂಗಸರ ಮುಂದೆ, ಚೌಕಾಸಿ ಮಾಡಲೇಬೇಕು ಎಂಬ ಪುಸ್ತಕದ ಪಾಠ ಓದಿಬಂದ ಪ್ರವಾಸಿಗರು ಪಟ್ಟು ಹಿಡಿದು ನಿಲ್ಲುತ್ತಾರೆ. ಕೈಕಸೂತಿಯ ಒಂದೊಂದು ತುಂಡಿನ ಹಿಂದೆ ದಿನಗಟ್ಟಲೆ ಕಣ್ಣು ನೋಯಿಸಿಕೊಂಡ ಕೆಲಸವಿದೆ ಎಂಬುದು ಅವರ ಲೆಕ್ಕಕ್ಕೆ ಬರುವುದಿಲ್ಲ, ಏಕೆಂದರೆ ಯಾರೂ ಹೇಳಿಲ್ಲ. ಸಂಜೆಗೆ ಮನೆಗೆ ಹಿಟ್ಟು, ಬೇಳೆ ಒಯ್ಯಬೇಕಾದವಳು ಅಸಲೂ ಗಿಟ್ಟದ ಬೆಲೆಗೆ ಕೊಟ್ಟು ಕಳಿಸುತ್ತಾಳೆ. ಅಲ್ಲಿ ಹೆಚ್ಚು ಉಳ್ಳವನು ಕೊಳ್ಳುವವನೇ ಆಗಿರುತ್ತಾನೆ.

ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಹೆಣ್ಣುಮಕ್ಕಳು ಕೂತು ಹೊಲಿದು ದುಡಿಯುತ್ತಿದ್ದಾರೆ. ಪ್ರವಾಸೋದ್ಯಮ ಇಲಾಖೆ ಮನಸ್ಸು ಮಾಡಿದರೆ ಮರಾಕೇಶಿನ ಸಂಕೀರ್ಣದ ಮಾದರಿಯಲ್ಲಿ ಕಮಲಾಪುರ, ಹಂಪಿ, ಆನೆಗೊಂದಿಗಳಲ್ಲಿ ಇಂಥ ಮಳಿಗೆಗಳನ್ನು ಇನ್ನಷ್ಟು ತೆರೆಯಬಹುದು. ಕಸೂತಿ ಹಾಕುವವರು ಪ್ರವಾಸಿಗರ ಕಣ್ಣೆದುರೇ ಕೂತು ಕೆಲಸ ಮಾಡಲಿ, ಒಂದು ಚೀಲಕ್ಕೆ ಎಷ್ಟು ದಿನದ ಹೊಲಿಗೆ ಬೇಕು ಎಂಬುದನ್ನು ಬೆಲೆಯ ಪಕ್ಕದಲ್ಲೇ ಕನ್ನಡ, ಇಂಗ್ಲಿಷ್, ಹಿಂದಿಗಳಲ್ಲಿ ಬರೆದಿಡಲಿ. ವಿಟ್ಠಲ ದೇವಾಲಯದ ಟಿಕೆಟ್ ದರವನ್ನು ಫಲಕದ ಮೇಲೆ ಬರೆಯಲು ಸಾಧ್ಯವಾಗಿರುವಾಗ, ಆ ದೇವಾಲಯದ ದಾರಿಯಲ್ಲಿ ಮಾರಿ ಬದುಕುವ ಹೆಂಗಸಿನ ದುಡಿಮೆಯ ದರವನ್ನೂ ಬರೆಯಲು ಸಾಧ್ಯ.